ಕತ್ತರಿಯಕ್ಕನ ಮನೆಯ ಕುರ್ಚಿ

ಪ್ರಶ್ನೆ ಅಂತ ಒಂದಿದ್ದರೆ ಅದಕ್ಕೆ ಸರಿಯುತ್ತರ ಅಂತಲೂ ಒಂದಿರಲೇಬೇಕು ಎಂದು ನಾನು ನಂಬಿದ್ದೆ. ತಪ್ಪು ನನ್ನದಲ್ಲ. ಬಾಲ್ಯವಿಡೀ ಪರೀಕ್ಷೆ ಬರೆದೇ ಬೆಳೆದವನು ನಾನು, ಅದೂ ಪಕ್ಕದವನ ಹಾಳೆ ನೋಡಿಕೊಂಡು ಬರೆದವನು. ಹೀಗಾಗಿ ಮಾರುಕಟ್ಟೆ ಸಮೀಕ್ಷೆ ಮಾಡುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿ, ಬಟ್ಟೆ ಒಗೆಯುವ ಸೋಪಿನ ಪುಡಿಯ ಬಗ್ಗೆ ಒಂದು ಬೀದಿಯವರನ್ನೆಲ್ಲ ಕೇಳಿಕೊಂಡು ಬಾ ಎಂದು ಕಳಿಸಿದಾಗ, ಪರೀಕ್ಷೆ ನಡೆಸುವ ಮೇಷ್ಟರ ಗತ್ತಿನಲ್ಲೇ ಹೊರಟೆ. ಹೆಗಲಿಗೆ ಚೀಲ, ಕೊರಳಲ್ಲಿ ನನ್ನದೇ ಫೋಟೋ ಇರುವ ಗುರುತಿನ ಚೀಟಿ. ಗತ್ತಿಗೆ ಇನ್ನೇನು ಬೇಕು?

ಮೊದಲ ಮನೆಯಲ್ಲೇ ಒಬ್ಬರು ಅಜ್ಜಿ. "ಈ ಕಂಪನಿಯ ಹೆಸರು ಕೇಳಿದ್ದೀರಾ?" ಎಂದು ಓದಿದೆ. "ಗೊತ್ತಿಲ್ಲಪ್ಪಾ" ಎಂದು ಅಜ್ಜಿ ಮುಖ ಸಣ್ಣ ಮಾಡಿದರು. ಅಷ್ಟು ವಯಸ್ಸಾದವರನ್ನು ಫೇಲ್ ಮಾಡಲು ಯಾವ ಮನುಷ್ಯನಿಗೆ ಮನಸ್ಸು ಬರುತ್ತದೆ? ಬಗ್ಗಿ ಮೆಲ್ಲಗೆ ಉತ್ತರ ಹೇಳಿಕೊಟ್ಟೆ. ಅಜ್ಜಿ ಖುಷಿಯಾಗಿ ಅದನ್ನೇ ಜೋರಾಗಿ ಹೇಳಿದರು, ನಾನು ಟಿಕ್ ಹಾಕಿದೆ. ಸಂಜೆಯ ಹೊತ್ತಿಗೆ ಇಡೀ ಬೀದಿ ಪಾಸಾಗಿತ್ತು.

ಕಚೇರಿಯಲ್ಲಿ ಹಾಳೆಗಳನ್ನು ತಿರುವಿಹಾಕಿದವರು ಕತ್ತರಿಯಕ್ಕ.

"ಏನೋ ಇದು, ಇಡೀ ಬೀದಿಗೆ ಒಂದೇ ನಾಲಗೆನಾ?"

"ಮೊದಮೊದಲು ತಡವರಿಸಿದ್ರು ಅಕ್ಕಾ. ನಾನು ಸ್ವಲ್ಪ ಹೇಳಿಕೊಟ್ಟೆ."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿಕೊಟ್ಯಾ?"

"ಪಾಪ ಅಲ್ವಾ ಅಕ್ಕಾ, ವಯಸ್ಸಾದೋರು."

ಬೈಯುತ್ತಾರೆ ಅಂದುಕೊಂಡೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕುರ್ಚಿ ಅಲುಗಾಡುವಷ್ಟು ನಕ್ಕರು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಪುಣ್ಯಾತ್ಮಾ, ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ಕಣೋ. ಎಷ್ಟೋ ಸಲ ಅದೊಂದೇ ನಿಜವಾದ ಉತ್ತರ. ಆ ಕಂಪನಿಯವರು ದುಡ್ಡು ಕೊಟ್ಟು ತಿಳ್ಕೋಬೇಕು ಅಂತಿರೋದೇ ಅದನ್ನ. ನೀನು ಅಜ್ಜಿ ಬಾಯಿಂದ ಅದನ್ನ ಕಿತ್ತುಹಾಕಿ ನಿನ್ನ ನಾಲಗೆ ಇಟ್ಟು ಬಂದಿದೀಯ."

ಮರುದಿನ ಅದೇ ಬೀದಿಗೆ, ಅದೇ ಹಾಳೆಗಳ ಹೊಸ ಕಟ್ಟಿನೊಂದಿಗೆ ಹೋದೆ. ನನ್ನನ್ನು ಕಂಡ ಅಜ್ಜಿಯ ಮುಖ ಬಾಡಿತು. "ಯಾಕಪ್ಪಾ, ನಾನು ಫೇಲಾ?" ಎಂದರು.

ಕಚೇರಿಯಲ್ಲಿ ನಾವೆಲ್ಲ ಆಕೆಯನ್ನು ಎದುರಿಗೆ ಅಕ್ಕ ಎಂದೂ ಬೆನ್ನ ಹಿಂದೆ ಕತ್ತರಿಯಕ್ಕ ಎಂದೂ ಕರೆಯುತ್ತೇವೆ. ಆಕೆಗೆ ಎರಡೂ ಗೊತ್ತು. ಜನರ ಮುಂದೆ ಇಡಬೇಕಾದ ಪ್ರಶ್ನೆಗಳನ್ನು ಸಿದ್ಧಪಡಿಸುವುದು ಅವರ ಕೆಲಸ. ಉಳಿದವರು ಕಂಪ್ಯೂಟರಿನಲ್ಲಿ ಮಾಡುವುದನ್ನು ಅವರು ಕತ್ತರಿಯಲ್ಲಿ ಮಾಡುತ್ತಾರೆ. ಪ್ರಶ್ನೆಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಒಂದೊಂದನ್ನೂ ಪಟ್ಟಿಯಾಗಿ ಕತ್ತರಿಸಿ, ಉದ್ದನೆಯ ಮೇಜಿನ ಮೇಲೆ ಹರಡಿ, ಹಿಂದಿದ್ದದ್ದನ್ನು ಮುಂದಕ್ಕೆ, ಮುಂದಿದ್ದದ್ದನ್ನು ಹಿಂದಕ್ಕೆ ಸರಿಸುತ್ತಾ ಇರುತ್ತಾರೆ. ಬೇಡವಾದದ್ದು ಕಾಲ ಬಳಿಯ ಬುಟ್ಟಿಗೆ. ಕತ್ತರಿಯೂ ಕಾಗದ ಕತ್ತರಿಸುವ ನಾಜೂಕಿನದಲ್ಲ, ದರ್ಜಿಗಳು ದಪ್ಪ ಬಟ್ಟೆಗೆ ಬಳಸುವ ಕಬ್ಬಿಣದ್ದು. ಅದರ ಕರಕರ ಸದ್ದು ಕೇಳಿದರೆ ನಮ್ಮ ಮ್ಯಾನೇಜರಿಗೆ ತಕ್ಷಣ ಟೀ ಕುಡಿಯಬೇಕೆನ್ನಿಸಿ ಬೀದಿಗಿಳಿಯುತ್ತಾರೆ. ಯಾಕೆಂದರೆ ಆ ಬುಟ್ಟಿಗೆ ಬೀಳುವ ಪ್ರಶ್ನೆಗಳು ಬಹುಪಾಲು ಗಿರಾಕಿಗಳು ಮನೆಯಲ್ಲಿ ಕೂತು ಪ್ರೀತಿಯಿಂದ ಬರೆದು ತಂದವು.

ಒಮ್ಮೆ ಬಿಸ್ಕತ್ತು ಕಾರ್ಖಾನೆಯ ಮಾಲೀಕರೊಬ್ಬರು ತಂದ ಮೊದಲ ಪ್ರಶ್ನೆ ಹೀಗಿತ್ತು: ನಮ್ಮ ತಾಜಾ, ಗರಿಗರಿ ಬಿಸ್ಕತ್ತು ನಿಮಗೆ ಎಷ್ಟು ಇಷ್ಟ? ಇಷ್ಟ, ತುಂಬಾ ಇಷ್ಟ, ವಿಪರೀತ ಇಷ್ಟ. ಅಕ್ಕ ಮೊದಲು 'ತಾಜಾ' ಕತ್ತರಿಸಿದರು. ಆಮೇಲೆ 'ಗರಿಗರಿ'.

"ಮೇಡಂ, ಅದು ನಿಜವಾಗ್ಲೂ ಗರಿಗರಿ ಇದೆ" ಎಂದು ಮಾಲೀಕರು ಅಂಗಲಾಚಿದರು.

"ಇರಲಿ ಸಾರ್, ತಿಂದವರು ಹೇಳಲಿ. ನೀವೇ ಹೇಳೋದಾದ್ರೆ ಅವರನ್ನ ಯಾಕೆ ಕೇಳ್ಬೇಕು? ಅದಿರಲಿ, ಇಷ್ಟ ಇಲ್ಲ ಅನ್ನೋರು ಎಲ್ಲಿ ಟಿಕ್ ಹಾಕ್ಬೇಕು?"

"ಹಾಗನ್ನೋರು ಯಾರೂ ಇಲ್ಲ ಮೇಡಂ."

"ಅವರಿಗೆ ನೀವು ಬಾಗಿಲೇ ಇಟ್ಟಿಲ್ಲವಲ್ಲ ಸಾರ್, ಎಲ್ಲಿಂದ ಒಳಗೆ ಬರ್ತಾರೆ?"

ಎರಡನೆಯ ಪ್ರಶ್ನೆಯಲ್ಲಿ ಜನರ ತಿಂಗಳ ಆದಾಯ ಎಷ್ಟು ಎಂದಿತ್ತು. ಅಕ್ಕ ಅದನ್ನು ಎತ್ತಿ ಮೇಜಿನ ಕೊನೆಯ ತುದಿಗೆ ದೂಡಿದರು. "ಮನೆಗೆ ಬಂದವನು ನೀರು ಕುಡಿಯೋ ಮುಂಚೆ ನೀವು ದುಡ್ಡಿಡೋ ಬೀರು ಎಲ್ಲಿದೆ ಅಂತ ಕೇಳ್ತಾನಾ? ಕೇಳಿದ್ರೆ ನೀವು ಬಾಗಿಲು ಹಾಕ್ಕೊಳ್ಳಲ್ವಾ?" ಮೂರನೆಯದರಲ್ಲಿ ಬೆಲೆ ಮತ್ತು ರುಚಿ ಎರಡೂ ಸಮಾಧಾನ ತಂದಿವೆಯೇ ಎಂದಿತ್ತು. ಅದನ್ನು ಅವರು ನಡುವೆ ಕತ್ತರಿಸಿ ಎರಡು ಮಾಡಿದರು. ರುಚಿ ಹಿಡಿಸಿ ಬೆಲೆ ಹಿಡಿಸದವನು ಹೌದೆನ್ನಲೂ ಆಗದೆ ಇಲ್ಲವೆನ್ನಲೂ ಆಗದೆ ಬಾಗಿಲಲ್ಲೇ ನಿಂತುಬಿಡುತ್ತಾನೆ ಎಂಬುದು ಅವರ ವಾದ. ಮಾಲೀಕರು ಹೋಗುವಾಗ ತಮ್ಮ ಬಿಸ್ಕತ್ತಿನ ಡಬ್ಬಿಯನ್ನು ಬಿಟ್ಟು ಹೋದರು. ಅದು ಗರಿಗರಿ ಇರಲಿಲ್ಲ.

ಇಂಥ ಅಕ್ಕನ ಮನೆಯಲ್ಲಿ ಒಂದು ಕುರ್ಚಿ ಇತ್ತು.

ಅದನ್ನು ಮಾಡಿದವರು ಅಕ್ಕನ ಯಜಮಾನರು. ಅಕ್ಕ ಅಂದಮೇಲೆ ಅವರು ನಮಗೆಲ್ಲ ಭಾವ. ಪೀಠೋಪಕರಣ ಮಾಡುವ ಒಂದು ಕಾರ್ಖಾನೆಯಲ್ಲಿ ಹಿರಿಯ ಮೇಸ್ತ್ರಿ. ಮಾತಿಗೆ ಮೊದಲು ನಗುವ, ನಗುವಿಗೆ ಮೊದಲು ಬೆನ್ನು ತಟ್ಟುವ ಮನುಷ್ಯ. ಬಡಗಿಯ ಕೈ, ತಟ್ಟಿದರೆ ಶ್ವಾಸಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಅವರ ಮನೆಗೆ ನಾನು ಮೊದಲ ಸಲ ಹೋದಾಗಲೇ ನನ್ನನ್ನು ತಟ್ಟಿ, ಎಳೆದು, ಆ ಕುರ್ಚಿಯಲ್ಲಿ ಕೂರಿಸಿದರು.

ಕುರ್ಚಿ ಎಂದರೆ ಕುರ್ಚಿ. ಆನೆಯ ಕಾಲಿನಂಥ ನಾಲ್ಕು ಕಾಲು. ಒಂದು ಕೈ ಮೇಲೆ ಟೀ ಲೋಟ ಮತ್ತು ತಟ್ಟೆ, ಇನ್ನೊಂದರ ಮೇಲೆ ಮಡಿಸಿದ ಪತ್ರಿಕೆ ಆರಾಮಾಗಿ ಕೂರುವಷ್ಟು ಅಗಲದ ಕೈಗಳು. ಬೆನ್ನು ಹಲಗೆ ಮಾತ್ರ ಸೀದಾ ಆಕಾಶಕ್ಕೆ. "ಬೆನ್ನು ನೆಟ್ಟಗಿದ್ರೆ ಮನುಷ್ಯ ನೆಟ್ಟಗಿರ್ತಾನೆ" ಎಂಬುದು ಭಾವನ ಸಿದ್ಧಾಂತ. ಹುಟ್ಟಿನಿಂದ ಡೊಂಕಾಗಿ ಕೂತೇ ಬಂದ ನಾನು ಆ ಹಲಗೆಯ ಮುಂದೆ ಮೇಷ್ಟರ ಎದುರು ಕೂತ ಹುಡುಗನಂತೆ ನೆಟ್ಟಗಾದೆ.

"ಚೆನ್ನಾಗಿದೆ ಅಲ್ವಾ?" ಎಂದರು ಭಾವ, ಎದುರಿಗೆ ನಿಂತು, ಎರಡೂ ಕೈ ಸೊಂಟದ ಮೇಲಿಟ್ಟು.

ಅವರ ಮನೆಯ ಟೀ ನನ್ನ ಕೈಯಲ್ಲಿತ್ತು. "ಬಹಳ ಚೆನ್ನಾಗಿದೆ ಭಾವಾ" ಎಂದೆ. ಅಡುಗೆಮನೆಯಿಂದ ಅಕ್ಕ ಇಣುಕಿ ನನ್ನನ್ನು ನೋಡಿದ ರೀತಿಗೆ, ಮೇಜಿನ ಕೆಳಗಿನ ಬುಟ್ಟಿಗೆ ಬಿದ್ದ ಕಾಗದದ ಪಟ್ಟಿ ನಾನೇ ಅನ್ನಿಸಿತು ನನಗೆ.

ಆ ಕುರ್ಚಿಯಲ್ಲಿ ದಿನವೂ ಕೂರುತ್ತಿದ್ದವರು ಅಕ್ಕನೇ. ಸಂಜೆ ಕೆಲಸದಿಂದ ಬಂದವರು ಒಂದು ಟವೆಲ್ಲನ್ನು ಸುರುಳಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು ಕೂತು ತರಕಾರಿ ಹೆಚ್ಚುತ್ತಿದ್ದರು. ಭಾವ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು: "ನೋಡು, ಪಾಲಿಶ್ ಹಾಳಾಗ್ಬಾರ್ದು ಅಂತ ಟವೆಲ್ ಇಟ್ಕೊಂಡೇ ಕೂರ್ತಾಳೆ. ಅಷ್ಟು ಪ್ರೀತಿ!" ಅಕ್ಕ ತಲೆಯೆತ್ತದೆ ತರಕಾರಿ ಹೆಚ್ಚುತ್ತಿದ್ದರು.

ಎಲ್ಲ ಹೀಗೇ ಇರುತ್ತಿತ್ತೇನೋ. ಆದರೆ ಭಾವನಿಗೆ ಒಂದು ದಿನ ಕಾರ್ಖಾನೆಯ ಕೆಲಸ ಬಿಡಬೇಕು ಎನ್ನಿಸಿತು. ಕೆಲಸ ಬಿಟ್ಟು, ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಈ ಕುರ್ಚಿಯನ್ನೇ ಮಾಡಿ ಮಾರಬೇಕು. ಬೇರೆ ಏನೂ ಅಲ್ಲ, ಇದೊಂದೇ. ಮೇಸ್ತ್ರಿಯ ಜಾಗಕ್ಕೆ ಕಾರ್ಖಾನೆಯಲ್ಲಿ ಬಾಯಿಬಿಟ್ಟುಕೊಂಡು ಕಾಯುವವರಿದ್ದರು. ಒಮ್ಮೆ ಎದ್ದು ಬಂದರೆ ಮತ್ತೆ ಕೂರಿಸುವುದಿಲ್ಲ ಎಂದು ಮಾಲೀಕ ಮುಖಕ್ಕೇ ಹೇಳಿದ್ದ. ಭಾವನ ವಯಸ್ಸಿನವರಿಗೆ ಬೇರೆ ಕಡೆ ಕೆಲಸ ಕೊಡುವವರೂ ಇರಲಿಲ್ಲ. ಅದನ್ನೆಲ್ಲ ಅಕ್ಕ ನಿದ್ದೆಗೆಟ್ಟು ಯೋಚಿಸಿದರು. ಭಾವ ಮಾತ್ರ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಎಂದು ಯೋಚಿಸಿದರು.

"ಯಾರು ಕೊಂಡ್ಕೊಳ್ತಾರೆ ಅಂತ ವಿಚಾರಿಸಿದ್ರಾ?" ಎಂದು ಅಕ್ಕ ಕೇಳಿದಾಗ ನಾನೂ ಅಲ್ಲೇ ಇದ್ದೆ.

"ವಿಚಾರಿಸ್ದೆ ಇರ್ತೀನಾ? ನಮ್ಮಣ್ಣನ್ನ ಕೇಳ್ದೆ. ನಿನ್ನ ತಮ್ಮನ್ನ ಕೇಳ್ದೆ. ನನ್ನ ಷಡ್ಡಕ ಅಂತೂ ಎದ್ದೇಳ್ಲೇ ಇಲ್ಲ. ಒಬ್ಬರಾದ್ರೂ ಚೆನ್ನಾಗಿಲ್ಲ ಅಂದ್ರಾ ಕೇಳು."

"ಟೀ ಕೊಟ್ಟು, ಕುರ್ಚಿ ಕೊಟ್ಟು, ಎದುರಿಗೆ ನಿಂತ್ಕೊಂಡು ಕೇಳಿದ್ರೆ ಶತ್ರುನೂ ಚೆನ್ನಾಗಿದೆ ಅಂತಾನೆ. ನಿಮ್ಮ ಷಡ್ಡಕರು ಎದ್ದೇಳ್ದೆ ಇದ್ದದ್ದು ಊಟದ ಹೊತ್ತಾಗಿತ್ತು ಅಂತ."

"ಹಾಗಾದ್ರೆ ನೀನೇ ಮಾಡು ನಿನ್ನ ಸಮೀಕ್ಷೆ! ಊರಿಗೆಲ್ಲ ಮಾಡಿಕೊಡ್ತೀಯ, ಕಟ್ಕೊಂಡ ಗಂಡನಿಗೆ ಮಾಡಲ್ವಾ?"

"ಮಾಡಲ್ಲ. ನಾನು ಬರೆದ್ರೆ ನನ್ನ ಭಯ ಪ್ರಶ್ನೆ ಒಳಗೆ ಸೇರ್ಕೊಳ್ಳುತ್ತೆ. ಇವನು ಬರೀಲಿ." ತರಕಾರಿ ಹೆಚ್ಚುತ್ತಿದ್ದ ಚೂರಿಯ ತುದಿ ನನ್ನ ಕಡೆ ತಿರುಗಿತು. "ಇವನಿಗೆ ಭಯ ಪಡೋವಷ್ಟು ಬುದ್ಧಿ ಇನ್ನೂ ಬಂದಿಲ್ಲ."

ಇದನ್ನು ಬಡ್ತಿ ಎಂದು ತಿಳಿದುಕೊಂಡವನು ನಾನೊಬ್ಬನೇ ಇರಬೇಕು. ಮನೆಗೆ ಹೋಗಿ ಉತ್ಸಾಹದಿಂದ ಬರೆದೆ. "ಇಂಥ ಗಟ್ಟಿಮುಟ್ಟಾದ, ಘನವಾದ ಕುರ್ಚಿ ನಿಮ್ಮ ಮನೆಗೆ ಬಂದರೆ ನೀವು ಕೊಳ್ಳುವಿರಾ?" ಎಂಬುದು ನನ್ನ ಮುತ್ತಿನಂಥ ಮೊದಲ ಪ್ರಶ್ನೆ. ಮರುದಿನ ಕತ್ತರಿಯ ಕರಕರ ಶುರುವಾಯಿತು. ಮ್ಯಾನೇಜರು ಟೀಗೆ ಹೋದರು. ಗಟ್ಟಿಮುಟ್ಟು ಹೋಯಿತು, ಘನ ಹೋಯಿತು, ಕೊನೆಗೆ 'ಕೊಳ್ಳುವಿರಾ'ವನ್ನೂ ಬುಟ್ಟಿಗೆ ಹಾಕಿದರು.

"ಅದನ್ನೂ ತೆಗೆದ್ರೆ ಉಳಿದಿದ್ದೇನು ಅಕ್ಕಾ? ವಿಷಯನೇ ಅದು!"

"ಕೊಂಡ್ಕೊಳ್ತೀರಾ ಅಂತ ಕೇಳಿದ್ರೆ ನಿನ್ನ ಮುಖ ನೋಡಿ ಉತ್ತರ ಕೊಡ್ತಾರೆ. ಬಾಯಿಮಾತಿಗೇನು, ಕೊಂಡ್ಕೊಳ್ತೀವಿ ಅಂತಾರೆ. ಕೊಂಡ್ರಾ ಅಂತ ಕೇಳು. ಮನೆಗೆ ಕಡೇ ಸಲ ಕುರ್ಚಿ ತಂದಿದ್ದು ಯಾವಾಗ, ಆರಿಸಿದ್ದು ಯಾರು, ಅಂಗಡೀಲಿ ನೋಡಿ ಬೇಡ ಅಂತ ಬಿಟ್ಟು ಬಂದಿದ್ದು ಯಾವುದು, ಯಾಕೆ. ಆಗ ಮನೆ ಕಡೆ ತಿರುಗಿ ನೋಡಿ ಉತ್ತರ ಕೊಡ್ತಾರೆ. ಹೋದ ವರ್ಷ ನೀನು ಬೆಳಿಗ್ಗೆ ಎದ್ದು ಓಡ್ತೀನಿ ಅಂತ ಬೂಟು ತಗೊಂಡ್ಯಲ್ಲ?"

"ಹೌದು."

"ಓಡಿದ್ಯಾ?"

ಆ ಬೂಟುಗಳನ್ನು ನಾನು ಕಚೇರಿಗೆ ಹಾಕಿಕೊಂಡು ಬಂದಿದ್ದೆ. ಕಾಲನ್ನು ಮೇಜಿನ ಕೆಳಗೆ ಎಳೆದುಕೊಂಡೆ.

ಕೊನೆಗೆ ಅಕ್ಕ ಹಾಳೆಯ ತಲೆಯ ಮೇಲೆ, ಎಲ್ಲಕ್ಕಿಂತ ಮೊದಲು, ತಮ್ಮ ಕಚೇರಿಯ ಪ್ರತಿ ಸಮೀಕ್ಷೆಯಲ್ಲೂ ಇರುವ ಪ್ರಶ್ನೆಯನ್ನು ಇಟ್ಟರು: ನಿಮ್ಮ ಮನೆಯಲ್ಲಿ ಯಾರಾದರೂ ಈ ಕಸುಬಿನಲ್ಲಿ ಇದ್ದಾರೆಯೇ? ಇದ್ದರೆ ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗಬೇಕು. ಬಡಗಿಯ ಮನೆಯವರನ್ನು ಕುರ್ಚಿಯ ಬಗ್ಗೆ ಕೇಳುವಂತಿಲ್ಲ, ಬೇಕರಿಯವನ ತಮ್ಮನನ್ನು ಬಿಸ್ಕತ್ತಿನ ಬಗ್ಗೆ ಕೇಳುವಂತಿಲ್ಲ. ಒಂದೋ ಹೊಗಳುತ್ತಾರೆ, ಇಲ್ಲ ಹೊಟ್ಟೆಕಿಚ್ಚು ಪಡುತ್ತಾರೆ. ಈ ನಿಯಮವನ್ನು ಅಕ್ಕ ಯಾರಿಗಾಗಿಯೂ ಸಡಿಲಿಸಿದವರಲ್ಲ.

ಕುರ್ಚಿಯನ್ನು ಕಚೇರಿಯ ಮುಂದಿನ ಕೋಣೆಗೆ ತಂದೆವು. ತಂದೆವು ಎಂದರೆ, ಬಾಗಿಲಲ್ಲಿ ಸಿಕ್ಕಿಕೊಂಡು, ಮ್ಯಾನೇಜರ ಬೆರಳು ಸಿಕ್ಕಿಸಿ, ಕೊನೆಗೆ ಬಾಗಿಲನ್ನೇ ಕಳಚಿ ತಂದೆವು. ಬೀದಿಯಲ್ಲಿ ಹೋಗುವವರನ್ನು ಕರೆದು, ಕಸುಬು ವಿಚಾರಿಸಿ, ಕೂರಿಸಿ, ಪ್ರಶ್ನೆ ಕೇಳುವುದು ನನ್ನ ಪಾಲಿಗೆ. ಭಾವ ಆ ಕಡೆ ತಲೆಹಾಕಬಾರದು ಎಂದು ಅಕ್ಕನ ಆಜ್ಞೆ. ಹಾಗಾಗಿ ಭಾವ ಮೊದಲ ದಿನ ಕುರ್ಚಿಯ ಕಾಲಿಗೆ ಎಣ್ಣೆ ಸವರಲು ಬಂದರು. ಎರಡನೆಯ ದಿನ ಕಳಚಿದ ಬಾಗಿಲನ್ನು ಕೂರಿಸಲು ಬಂದರು. ಮೂರನೆಯ ದಿನ ಯಾವ ನೆಪವೂ ಸಿಗದೆ, ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು, ಕೂತವರಿಗೆಲ್ಲ ಕಿಟಕಿಯಾಚೆಯಿಂದ ನಗುತ್ತಿದ್ದರು. ಅಕ್ಕ ಎದ್ದು ಹೋಗಿ ಪರದೆ ಎಳೆದರು.

ಕೂತವರಲ್ಲಿ ಬಸ್ಸಿನ ಚಾಲಕರೊಬ್ಬರು "ಕೈ ಅಗಲ ಇರೋದು ಭಾಳ ಒಳ್ಳೇದು" ಎಂದು ಸವರಿ ಸವರಿ ನೋಡಿದರು. ಕಡೇ ಸಲ ಯಾವ ಕುರ್ಚಿ ಕೊಂಡಿರಿ ಎಂದರೆ, ಒಂದರ ಮೇಲೊಂದು ಪೇರಿಸಿಡುವ ಪ್ಲಾಸ್ಟಿಕ್ಕಿನವು ಎಂದರು. ಹೊಲಿಗೆಯ ಹೆಂಗಸೊಬ್ಬರು ಕೂತವರೇ ಎದ್ದು, ಅಳತೆ ಪಟ್ಟಿ ತೆಗೆದು ಕುರ್ಚಿಯನ್ನು ಅಳೆದು, "ಚೆನ್ನಾಗಿದೆಯಪ್ಪಾ, ಆದ್ರೆ ಇದು ನಮ್ಮನೆ ಒಳಗೆ ಬಂದ್ರೆ ನಾವು ಹೊರಗೆ ಇರ್ಬೇಕಾಗುತ್ತೆ" ಎಂದರು. ನಿವೃತ್ತ ಗುಮಾಸ್ತರೊಬ್ಬರು ಕೂತು, ಕಣ್ಣು ಮುಚ್ಚಿ, "ಇದರಲ್ಲಿ ಕೂತ್ರೆ ಯಾರೋ ಸಂದರ್ಶನ ಮಾಡ್ತಿದ್ದಾರೆ ಅನ್ನಿಸುತ್ತೆ" ಎಂದರು. ನಾನು ಯಾರಿಗೂ ಹೇಳಿಕೊಡಲಿಲ್ಲ. ಗೊತ್ತಿಲ್ಲ ಎಂದವರಿಗೆ ಗೊತ್ತಿಲ್ಲ ಎಂದೇ ಬರೆದುಕೊಂಡೆ. ಹೀಗೆ ಬೆಳೆದಿದ್ದೇನೆ ಎಂದು ಅಕ್ಕ ಗಮನಿಸಲಿ ಎಂದು ಜೋರಾಗಿ ಹೇಳಿಕೊಂಡೇ ಬರೆದೆ. ಅವರು ಗಮನಿಸಲಿಲ್ಲ.

ಅವರ ಕಣ್ಣು ಕುರ್ಚಿಯ ಮೇಲೇ ಇತ್ತು. "ಇವರೆಲ್ಲ ಕೂರೋದು ಒಂದು ಗಳಿಗೆ" ಎಂದರು ಕೊನೆಗೆ. "ಅಂಗಡೀಲೂ ಅಷ್ಟೇ ಕೂರ್ತಾರೆ, ಸರಿ. ಆದ್ರೆ ಕುರ್ಚಿ ಗುಣ ಗೊತ್ತಿರೋದು ಅದರಲ್ಲಿ ದಿನಾ ಕೂರೋರಿಗೆ."

"ಅಂಥೋರು ಎಲ್ಲಿ ಸಿಗ್ತಾರೆ ಅಕ್ಕಾ?"

ಅವರು ಹಾಳೆಯ ತಲೆಯ ಮೇಲಿನ ಮೊದಲ ಪ್ರಶ್ನೆಯನ್ನು ಒಮ್ಮೆ ನೋಡಿದರು. "ನಿಯಮದ ಪ್ರಕಾರ ಸಿಗಲ್ಲ" ಎಂದು ಕತ್ತರಿಯನ್ನು ಡ್ರಾಯರಿಗೆ ಹಾಕಿ ಮನೆಗೆ ಹೊರಟರು.

ಭಾನುವಾರ ಬೆಳಿಗ್ಗೆ ಕುರ್ಚಿಯನ್ನೂ ಉತ್ತರಗಳನ್ನೂ ಅವರ ಮನೆಗೆ ಸಾಗಿಸಿದೆವು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಕಾದಿದ್ದರು. ರಾಜೀನಾಮೆ ಪತ್ರ ಜೇಬಿನಲ್ಲೇ ಇತ್ತು. ಸೋಮವಾರ ಕೊಡುವುದಿತ್ತು. ಅಕ್ಕ ಕುರ್ಚಿಯಲ್ಲಿ ಎಂದಿನಂತೆ ಟವೆಲ್ ಸುತ್ತಿಟ್ಟುಕೊಂಡು ಕೂತು, ಒಂದನ್ನೂ ಕೂಡಿಸದೆ, ಕಳೆಯದೆ, ಎಲ್ಲವನ್ನೂ ಓದಿ ಹೇಳಿದರು. ಕೈಗಳನ್ನು ಮೆಚ್ಚಿದವರು ಬಹಳ. ತೂಕಕ್ಕೆ ಹೆದರಿದವರೂ ಬಹಳ. ಇಂಥ ಕುರ್ಚಿಯನ್ನು ನಿಜವಾಗಿ ಕೊಂಡು ಮನೆಗೆ ಒಯ್ದವರು ಎಲ್ಲೋ ಒಬ್ಬೊಬ್ಬರು.

"ಕೈ ಮೆಚ್ಚಿದ್ರಲ್ಲ!" ಎಂದರು ಭಾವ. ಮುಂದಿನದು ಅವರ ಕಿವಿಗೆ ಬೀಳಲೇ ಇಲ್ಲ. "ನಾನು ಹೇಳ್ಲಿಲ್ವಾ? ಹಾಗಾದ್ರೆ ಶುರು ಮಾಡ್ಬಹುದು ಅಲ್ವಾ?"

"ಇದರಲ್ಲಿ ಹೌದು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ ರೀ. ಇಷ್ಟರ ಮೇಲೆ ಹೇಳಕ್ಕೆ ಗೊತ್ತಾಗಲ್ಲ."

"ಗೊತ್ತಾಗಲ್ವಾ? ನನ್ನ ಕುರ್ಚಿ ಒಂದು ವಾರ ಕಚೇರೀಲಿ ಇಟ್ಕೊಂಡು, ಕಂಡೋರನ್ನೆಲ್ಲ ಕೂರಿಸಿ, ಈಗ ಗೊತ್ತಾಗಲ್ಲ ಅಂತೀಯಾ?"

"ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ಭಾವಾ" ಎಂದೆ ನಾನು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಆ ಮನೆಯಲ್ಲಿ ಅಂದು ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನನ್ನ ಬಾಯಿ ಒಮ್ಮೆ ತೆರೆದರೆ ಕೀಲು ಸಡಿಲವಾದ ಬಾಗಿಲು.

"ಅಲ್ಲ ಭಾವಾ, ದಿನಾ ಕೂರೋರನ್ನ ಕೇಳ್ಬೇಕು ಅಂತ ಅಕ್ಕನೇ ಅಂದ್ರು. ನೀವು ಅಕ್ಕನ್ನ ಕೇಳಿದ್ರಾ?"

"ಇವಳನ್ನ ಏನಯ್ಯಾ ಕೇಳೋದು? ಮನೆಯವಳು. ದಿನಾ ಕೂರ್ತಾಳೆ, ಪಾಲಿಶ್ ಹಾಳಾಗ್ಬಾರ್ದು ಅಂತ..." ಭಾವ ಹೆಂಡತಿಯ ಬೆನ್ನ ಹಿಂದಿನ ಟವೆಲ್ಲಿನ ಸುರುಳಿಯನ್ನು ನೋಡಿದರು. ಅದು ಬೆನ್ನು ಹಲಗೆಯ ಮೇಲೆ ಹರಡಿರಲಿಲ್ಲ. ಕೆಳಗಡೆ, ಸೊಂಟದ ಬಳಿ, ಗಟ್ಟಿಯಾಗಿ ಸಿಕ್ಕಿಸಿತ್ತು. ನಾನೂ ಆಗಲೇ ನೋಡಿದ್ದು. ಪಾಲಿಶ್ ಮಾಡಿದ ಹಲಗೆ ಬಹುಪಾಲು ಬರಿಮೈಯಲ್ಲೇ ಇತ್ತು.

ಭಾವ ಮೊಣಕಾಲು ಮಡಚಿ ಕುರ್ಚಿಯ ಎದುರು ನೆಲದ ಮೇಲೆ ಕೂತರು. ಜೇಬಿನ ಪತ್ರ ಮಡಿಕೆಯಾಗಿ ಹೊರಗಿಣುಕಿತು.

"ಲೇ" ಎಂದರು. ದನಿಯಲ್ಲಿ ನಗುವಿರಲಿಲ್ಲ. "ಇದನ್ನ ನಾನು ಮಾಡಿಲ್ಲ ಅಂದ್ಕೋ. ಯಾವನೋ ಮಾಡಿದಾನೆ, ಅಂಗಡೀಲಿದೆ. ಇಷ್ಟು ದಿನ ಕೂತ ಮೇಲೆ ಕೇಳ್ತಿದೀನಿ. ನೀನು ಇದನ್ನ ಕೊಂಡ್ಕೊಳ್ತೀಯಾ?"

ಕಚೇರಿಯಲ್ಲಾಗಿದ್ದರೆ ಈ ಪ್ರಶ್ನೆಗೆ ಕತ್ತರಿ ಬೀಳುತ್ತಿತ್ತು. ಅಂದುಕೋ ಎಂದು ಶುರುವಾಗಿ ಕೊಂಡ್ಕೊಳ್ತೀಯಾ ಎಂದು ಮುಗಿಯುವಂಥದ್ದು, ಎದುರಿಗೇ ಕೂತು ಕೇಳುವಂಥದ್ದು, ಕಸುಬಿನವನೇ ತನ್ನ ಮನೆಯವಳನ್ನು ಕೇಳುವಂಥದ್ದು. ಅಕ್ಕ ಅದನ್ನು ಬುಟ್ಟಿಗೆ ಹಾಕುತ್ತಾರೆಂದು ನಾನು ಕಾದೆ. ಅವರು ಬೆನ್ನ ಹಿಂದಿನಿಂದ ಟವೆಲ್ಲನ್ನು ಎಳೆದು, ಸುರುಳಿಯನ್ನು ಬಿಚ್ಚಿ, ಮಡಿಸಿ, ಗಂಡನ ಕೈಯಲ್ಲಿಟ್ಟರು.

"ಇಲ್ಲ. ಸೊಂಟ ನೋಯುತ್ತೆ. ತಂದ ದಿನದಿಂದ ನೋಯ್ತಾ ಇದೆ. ನೀವು ಚೆನ್ನಾಗಿದೆ ಅಲ್ವಾ ಅಂತ ಕೇಳಿದ್ರಿ, ಕೂತ್ರೆ ಏನಾಗುತ್ತೆ ಅಂತ ಒಂದಿನಾನೂ ಕೇಳ್ಲಿಲ್ಲ."